ಮೂರನೆಯ ಶಕಾರ

ಜಾನ್ಸೆತ್ ಆಂಟಿ, ನಿಮ್ಮ ಬಾಯಲ್ಲಿ ಆ ಧ್ವನಿ ಅಳಿದುಹೋಗಿದೆ ಎಂದು ನಾನು ವರದಿಯಲ್ಲಿ ಬರೆದದ್ದು ಸುಳ್ಳು. ಅಳಿದಿರಲಿಲ್ಲ — ನನಗೆ ಕೇಳಿಸಿರಲಿಲ್ಲ, ಅಷ್ಟೇ.

ಆಗ ಅಮೆರಿಕದ ಆಸ್ಟಿನ್‌ನಲ್ಲಿ ಧ್ವನಿವಿಜ್ಞಾನ ಓದುತ್ತಿದ್ದೆ. ಫ್ಲೂಗರ್‌ವಿಲ್‌ನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದೆ. ಶನಿವಾರ ಬಂದರೆ ಫುಲ್‌ಶೀರ್‌ಗೆ, ನಿಮ್ಮ ಮಗನ ಮನೆಗೆ, ನಿಮ್ಮ ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಡ್ರೈವ್ ಮಾಡುತ್ತಿದ್ದೆ. ನಿಮ್ಮದು ಕಪ್ಪು ಸಮುದ್ರದ ಬದಿಯ ಬೆಟ್ಟನಾಡು ವಾಯವ್ಯ ಕಾಕಸಸ್‌ನಿಂದ ಚದುರಿಹೋದ ಜನರ ಸರ್ಕಾಸಿಯನ್ ಭಾಷೆ. ಸ್ವರ ಮೂರೇ ಮೂರು, ವ್ಯಂಜನಗಳೋ ಐವತ್ತು ದಾಟುತ್ತವೆ. ಯಜಮಾನರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಅದನ್ನು ಆಡುವವರು ನೀವೊಬ್ಬರೇ. ಮಗ, ಮೊಮ್ಮಗಳು ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದರು. ನೀವು ಟೀ ಮಾಡಿಟ್ಟುಕೊಂಡು ನನಗಾಗಿ ಕಾಯುತ್ತಿದ್ದಿರಿ. ಒಂದೊಂದು ಪದವನ್ನೂ ಮೂರು ಸಲ ಹೇಳಿ, ಕೇಳಿಸಿತೇ ಎಂದು ನನ್ನ ಮುಖ ನೋಡುತ್ತಿದ್ದಿರಿ.

ನನಗೋ ಜಂಬ. ಧಾರವಾಡದ ಶಾಲೆಯಲ್ಲಿ ಬಾಯಿಯ ಮುಂದೆ ಅಂಗೈ ಹಿಡಿದು ಅಲ್ಪಪ್ರಾಣ ಮಹಾಪ್ರಾಣ ಕಲಿತವಳು. ನಮ್ಮ ವರ್ಣಮಾಲೆಗೆ ದಕ್ಕದ್ದು ಏನಿದ್ದೀತು ಎಂದು ಟಿಪ್ಪಣಿಯನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ನಿಮ್ಮಲ್ಲಿ ಶಕಾರದಂಥವು ಮೂರು. ನನ್ನ ಬಳಿ ಶ, ಷ ಎರಡೇ — ಅವನ್ನೂ ಮಾತಿನಲ್ಲಿ ಒಂದೇ ಮಾಡಿಬಿಟ್ಟವರು ನಾವು. ಮೂರನೆಯದು ತಿಳಿಯುತ್ತಿಲ್ಲ ಎಂದು ಪ್ರೊಫೆಸರ್ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. ನಿಮ್ಮ ಬಾಯಲ್ಲಿ ಅದು ಅಳಿದುಹೋಗಿದೆ ಎಂದು ಬರೆದೆ. ವಯಸ್ಸು, ಒಂಟಿತನ, ಬಳಕೆಯಿಲ್ಲದ ನಾಲಿಗೆ — ಕಾರಣಗಳನ್ನೂ ನಾನೇ ಪೋಣಿಸಿದೆ.

ವರದಿಯನ್ನು ನಿಮ್ಮ ಮಗ ಓದಿ ಹೇಳಿದ್ದರು. ಮುಂದಿನ ಶನಿವಾರ ಟೀ ಇತ್ತು. ನೀವು ಮೈಕಿನ ಮುಂದೆ ಕೂರಲಿಲ್ಲ.

"ನಮ್ಮಮ್ಮ ಆಡ್ತಿದ್ದ ಹಾಗೇ ಆಡ್ತಿದೀನಿ ಅಂದ್ಕೊಂಡಿದ್ದೆ," ಎಂದಿರಿ, ಇಂಗ್ಲಿಷಿನಲ್ಲಿ. "ತಪ್ಪಾದ್ರೆ ತಿದ್ದೋಕೆ ನನಗ್ಯಾರಿದ್ದಾರೆ ಮಗಳೇ?"

ಆಗಲಾದರೂ ಹೇಳಬಹುದಿತ್ತು — ಹೇಳಲಿಲ್ಲ. ಟೀ ಕುಡಿದು ಹೊರಟೆ. ತಿಂಗಳ ನಂತರ ಕಂಪ್ಯೂಟರಿನಲ್ಲಿ ನಿಮ್ಮ ಧ್ವನಿಯ ಗೆರೆಗಳನ್ನು ಅಳೆದು ನೋಡಿದೆ. ಮೂರೂ ಶಕಾರಗಳು ಬೇರೆಬೇರೆ, ಪ್ರತಿ ಸಲವೂ. ನಿಮಗೆ ಫೋನ್ ಮಾಡಲು ನಂಬರ್ ಒತ್ತಿದೆ, ಮತ್ತೆ — ಇಟ್ಟುಬಿಟ್ಟೆ. ಆ ಶನಿವಾರದ ನಂತರ ನೀವು ನಿಮ್ಮ ಭಾಷೆಯನ್ನು ಆಡಲೇ ಇಲ್ಲ, ಕೊನೆಯವರೆಗೂ ಮುರುಕು ಇಂಗ್ಲಿಷಿನಲ್ಲೇ ಕಳೆದಿರಿ ಎಂದು ನೀವು ತೀರಿಕೊಂಡ ಮೇಲೆ ಮಗ ಹೇಳಿದರು. ಅವರಿಗೂ ನಾನು ಏನೂ ಹೇಳಲಿಲ್ಲ.

ನಿನ್ನೆ ತಿದ್ದುಪಡಿ ಬರೆದು, ಧ್ವನಿಮುದ್ರಣಗಳ ಜೊತೆ, ಪ್ರೊಫೆಸರಿಗೂ ನಿಮ್ಮ ಮೊಮ್ಮಗಳಿಗೂ ಕಳಿಸಿದೆ. ಕಳಿಸುವ ಮುಂಚೆ ಪೂರ್ತಿ ಕೇಳಿದೆ. ಪ್ರತಿ ಪದದ ಕೊನೆಗೂ ನೀವು ಕೇಳುತ್ತೀರಿ — ಕೇಳಿಸಿತೇ? ಅದರ ಬೆನ್ನಿಗೇ, ಒಂದಿಷ್ಟೂ ತಡವರಿಸದ ನನ್ನ ದನಿ — ಹ್ಞೂಂ, ಕೇಳಿಸಿತು.

ಅದನ್ನು ಕತ್ತರಿಸದೆ ಹಾಗೆಯೇ ಕಳಿಸಿದ್ದೇನೆ.