ತತ್ತಿ ಇಟ್ಟ ಸುಶಿ

ರಾಣೇಬೆನ್ನೂರಿನ ಮೀನಂಗಡಿಯೊಂದರಲ್ಲಿ ತುಂಗಭದ್ರೆಯ ಮೀನಿನ ಸುಶಿ ಎಂಬ ಜಪಾನಿ ತಿನಿಸು ಸಿಗುತ್ತದೆಂದು ಕೇಳಿ, ಗುತ್ತಲದಿಂದ ಬಂದಿದ್ದ ಅಕ್ಕನನ್ನು ಕರೆದುಕೊಂಡು ಹೋದೆ. ಅಕ್ಕನ ಗಂಡ ಹೊಳೆಯಲ್ಲಿ ಬಲೆ ಬೀಸಿಯೇ ಸಂಸಾರ ನಡೆಸಿದವರು. ನಾವು ಕೂರುವ ಮೊದಲೇ ಮಾಲೀಕ, ಹೊಳೆಯ ಮೀನಿನ ಸಂತತಿ ಉಳಿಸಿಕೊಂಡು ಮೀನು ಹಿಡಿಯುವುದು ಹೇಗೆಂದು ನಮಗೇ ಪಾಠ ಹೇಳಿದ. ಆಮೇಲೆ ತಟ್ಟೆ ಬಂತು. ತಣ್ಣನೆಯ ಅನ್ನದ ಉಂಡೆ, ಅದರ ಮೇಲೆ ಉಗುರಿನಷ್ಟು ಮೀನು, ಮೀನಿನ ಮೇಲೆ ಹಳದಿ ಕಾಳು.

"ಇವೇನ್ರೀ?" ಎಂದಳು ಅಕ್ಕ.

"ಅದ ಮೀನಿನ ತತ್ತಿರೀ ಅಕ್ಕಾರ. ಈ ತಿಂಗಳಷ್ಟ ಸಿಗತಾವ."

"ಬಸುರಿ ಮೀನ ಕೊಯ್ದು ಹೊಳಿ ಉಳಸಾಕತ್ತೀರೇನ್ರಿ?"

ಅವನು ನಕ್ಕು, ಚಟ್ನಿ ತರುವೆನೆಂದು ಒಳಗೆ ಹೋದವನು ನಾವು ಏಳುವವರೆಗೂ ಹೊರಗೆ ಬರಲಿಲ್ಲ. ಅಕ್ಕ ತಟ್ಟೆ ಮುಟ್ಟಲಿಲ್ಲ. ನಾನು ಅಷ್ಟರಲ್ಲಿ ಎರಡು ನುಂಗಿದ್ದೆ, ರುಚಿಯೂ ಇರಲಿಲ್ಲ.