ಹಡಗು ಹತ್ತಿದ ನಿಂಬಿಕಾಯಿ

ಮೌನಪ್ಪ ಬಡಿಗೇರ ಹಲಗೆಗಳಿಗೆ ಕಿವಿಗೊಡುತ್ತಿದ್ದ. ಲಾರಿಯಿಂದ ಇಳಿಸಿದ ಒಂದೊಂದು ಹಲಗೆಯನ್ನೂ ಗೋಡೆಗೆ ಒರಗಿಸಿ, ತಲೆಯ ಪಟಗವನ್ನು ಹಿಂದಕ್ಕೆ ಸರಿಸಿ, ಬಲಗಿವಿಯನ್ನು ಒತ್ತಿ, ಕಣ್ಣು ಮುಚ್ಚಿ ನಿಲ್ಲುವನು. ಹತ್ತಿರ ಯಾರಾದರೂ ಮಾತಾಡಿದರೆ ಕೈಯೆತ್ತಿ ಸುಮ್ಮನಿರಿಸುವನು. ಆಮೇಲೆ, "ಒಳಗ ಹುಳ ಅದಾವು, ಕರ್ ಕರ್ ಅನ್ನಾಕತ್ತಾವು. ಇದು ಒಲಿಗೆ," ಎಂದು ಆ ಹಲಗೆಯನ್ನು ಪಕ್ಕಕ್ಕೆ ತಳ್ಳುವನು. ನಾವು ಎಷ್ಟು ಕಿವಿಯಿಟ್ಟರೂ ಕೇಳಿಸುತ್ತಿದ್ದುದು ಹೊರಗೆ ಕಲ್ಲು ಕೊಯ್ಯುವ ಯಂತ್ರದ ಕಿರುಚಾಟ ಮಾತ್ರ.

ಇಳಕಲ್ಲಿನ ಹೊರವಲಯದ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಅವನು ಪೆಟ್ಟಿಗೆ ಮಾಡುವ ಬಡಿಗ. ಪಾಲಿಶ್ ಆದ ಕೆಂಪು ಕಲ್ಲಿನ ಹಾಸುಗಳು ಅವನ ಪೆಟ್ಟಿಗೆಗಳಲ್ಲಿ ನಿಂತುಕೊಂಡೇ ಸಮುದ್ರ ದಾಟುತ್ತಿದ್ದವು. ನಾನು ಅಲ್ಲಿಯ ಆಫೀಸಿನಲ್ಲಿ ಆ ಮಾಲಿನ ಕಾಗದಪತ್ರ ಟೈಪು ಮಾಡುವವಳು. ಮಗ್ಗದ ಮನೆಯ ಹುಡುಗಿ. ಬಾಗಲಕೋಟೆಗೆ ಹೋಗಿ, ಅಲ್ಲಿಯ ವಿದ್ಯಾಗಿರಿ ಬಡಾವಣೆಯ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ರಾಜ್ಯಶಾಸ್ತ್ರದಲ್ಲಿ ಫಸ್ಟ್ ಕ್ಲಾಸ್ ಬಂದವಳೆಂಬ ಜಂಬ ಬೇರೆ.

ನಾನು ಕೆಲಸಕ್ಕೆ ಸೇರಿದ್ದು ಪೋಖ್ರಾನಿನಲ್ಲಿ ಅಣುಬಾಂಬಿನ ಪರೀಕ್ಷೆ ನಡೆದ ವರ್ಷ. ಚಹಾದ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

"ತಂಗಿ, ನೀ ಓದಿದಾಕಿ," ಎಂದು ಮೌನಪ್ಪ ಕಾಕಾ ಕೇಳಿದ. "ಇನ್ನ ನಮಗ ಯಾರ ಅಂಜಿಕಿನೂ ಇಲ್ಲೇನ?"

ನಾನು ಪುಸ್ತಕದಲ್ಲಿದ್ದುದನ್ನು ಒಪ್ಪಿಸಿದೆ. ಗಡಿ, ಸೈನ್ಯ, ಶಸ್ತ್ರ. ದೇಶದ ಭದ್ರತೆಯೆಂದರೆ ಇನ್ನೊಂದು ದೇಶ ತನ್ನ ಮೇಲೆ ಏರಿ ಬರದಂತೆ ನೋಡಿಕೊಳ್ಳುವುದು.

ಅವನು ಬಸಿಯಲ್ಲಿದ್ದ ಚಹಾ ಸೊರ್ರನೆ ಕುಡಿದು ಮುಗಿಸಿದ. "ಏರಿ ಬರೋದು ಕಣ್ಣಿಗೆ ಕಾಣತೈತಿ ಬಿಡು. ಕಾಣದಂಗ ಬರೋದಕ್ಕ ಏನ್ ಮಾಡ್ಯಾರ?"

ಈ ಮನುಷ್ಯನಿಗೆ ಹುಳದ್ದೇ ಧ್ಯಾನ ಎಂದುಕೊಂಡು ನಕ್ಕುಬಿಟ್ಟೆ.

ಹೆಸರು ಮೌನಪ್ಪನಾದರೂ ಅವನ ಬಾಯಿಗೆ ಬಿಡುವಿರಲಿಲ್ಲ. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದ. "ಕಲ್ಲ ಒಡದ್ರ ಸಾವಕಾರಗ ಲುಕ್ಸಾನ. ಪೆಟ್ಟಿಗಿ ಒಡದ್ರ ನನ್ನ ಮರ್ಯಾದಿ," ಎನ್ನುವುದು ದಿನಕ್ಕೊಮ್ಮೆಯಾದರೂ ಬರುವ ಮಾತು. ಪ್ರತಿ ಪೆಟ್ಟಿಗೆಯೂ ಯಾವ ಊರಿಗೆ ಹೋಗುತ್ತದೆಂದು ನನ್ನಿಂದ ಕೇಳಿ ತಿಳಿದುಕೊಳ್ಳುತ್ತಿದ್ದ. ಅಲ್ಲಿ ಮಳೆ ಹೇಗೆ, ಮಂದಿ ಏನು ಉಣ್ಣುತ್ತಾರೆ, ಗಿಡಮರ ಇವೆಯೋ ಇಲ್ಲವೋ. ಮಗಳನ್ನು ಕೊಟ್ಟ ಊರಿನ ಸುದ್ದಿ ಕೇಳುವವರ ಹಾಗೆ. ಜಿನೋವಾ ಅವನ ಬಾಯಲ್ಲಿ ಜಿನ್ನವ್ವ, ಯೋಕೊಹಾಮಾ ಯಾಕಮ್ಮ. ಅವನಿಗೆ ಉತ್ತರ ಹೇಳಲೆಂದೇ ನಾನು ಒಂದು ಹಳೆಯ ಅಟ್ಲಾಸನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ.

ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದ ಮೇಲೆ ನನ್ನ ಮೇಜಿನ ಮೇಲಿನ ಕಾಗದ ಎರಡರಷ್ಟಾಯಿತು. ಕಂಟೇನರಿಗೆ ಹೊಸ ಬಗೆಯ ಸೀಲು ಬಂತು. ಒಳಗೆ ಏನೇನಿದೆ, ಯಾರು ತುಂಬಿದರು, ಯಾರು ಮುಚ್ಚಿದರು, ಎಲ್ಲವನ್ನೂ ಬರೆಯಬೇಕು. ಹಾಗೆ ಮೌನಪ್ಪ ಕಾಕಾನ ಹೆಸರು ಮೊದಲ ಸಲ ಇಂಗ್ಲಿಷಿನಲ್ಲಿ ಟೈಪಾಯಿತು. ಆ ಹಾಳೆಯನ್ನು ಅವನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ನಾ ಹುಬ್ಬಳ್ಳಿ ದಾಟಿಲ್ಲ. ನನ್ನ ಹೆಸರು ನೋಡು, ಹಡಗ ಹತ್ತಾಕತ್ತೈತಿ!"

ಹಡಗು ಹತ್ತಿದ್ದು ಹೆಸರೊಂದೇ ಅಲ್ಲ ಎಂದು ಗೊತ್ತಾದದ್ದು ಕೆಲವು ತಿಂಗಳ ನಂತರ. ಒಂದು ಬೆಳಿಗ್ಗೆ ಫ್ಯಾಕ್ಸ್ ಬಂತು. ಯುರೋಪಿನ ಒಂದು ಬಂದರಿನಲ್ಲಿ ನಮ್ಮ ಕಂಟೇನರನ್ನು ತಡೆದಿದ್ದರು. ಒಂದು ಪೆಟ್ಟಿಗೆಯೊಳಗೆ ಕರಿಬಟ್ಟೆಯ ಗಂಟೊಂದು ಸಿಕ್ಕಿದೆ, ಅದರಲ್ಲಿ ಕಪ್ಪು ಪುಡಿಯಿದೆ, ನಿಮ್ಮ ಪಟ್ಟಿಯಲ್ಲಿ ಇದು ಇಲ್ಲ, ಇದೇನೆಂದು ತಿಳಿಯುವವರೆಗೆ ನಿಮ್ಮ ಯಾವ ಮಾಲೂ ಇಳಿಯುವುದಿಲ್ಲ ಎಂದಿತ್ತು.

ಕಾರ್ಖಾನೆಯ ಮಾಲೀಕರಾದ ಸಾಹುಕಾರರು ಕೆಂಡವಾಗಿ ಶೆಡ್ಡಿಗೆ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಮೌನಪ್ಪ ಕಾಕಾ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಮುಂದೆ ಬಂದ.

"ನಾ ಕಟ್ಟೀನ್ರಿ ಸಾವಕಾರ್ರ. ಎಲ್ಲಾ ಪೆಟ್ಟಿಗ್ಯಾಗೂ ಕಟ್ಟತೇನಿ. ಒಂದ ನಿಂಬಿಕಾಯಿ, ನಾಕ ಮೆಣಸಿನಕಾಯಿ, ಒಂದ ತುಂಡ ಇದ್ದಲಿ. ನೀರ ದಾಟಿ ಹೋಗೂ ಮಾಲು, ದೃಷ್ಟಿ ಆಗಬಾರದಂತ."

"ನಿನ್ನ ಇದ್ದಲಿ ಪುಡಿ ಆಗಿ, ಅದನ್ನ ಅವರು ಸಿಡಿಮದ್ದಂತ ತಿಳದಾರಲೇ ಮೌನಪ್ಪಾ!" ಸಾಹುಕಾರರು ಫ್ಯಾಕ್ಸನ್ನು ಅವನ ಮುಖದ ಮುಂದೆ ಹಿಡಿದರು. "ಇದು ಬಗೀಹರಿಯೂತನಕ ನೀ ಗೇಟಿನೊಳಗ ಕಾಲಿಡಬ್ಯಾಡ."

ಅವನು ಹೊರಟವನು ನೇರವಾಗಿ ನನ್ನ ಮೇಜಿನ ಬಳಿ ಬಂದು ನಿಂತ. "ಬರಿ ತಂಗಿ. ನಾ ಹೇಳತೇನಿ, ಇಂಗ್ಲೀಷಿನ್ಯಾಗ ಬರಿ. ನಾನು ಮೌನಪ್ಪ, ಇಳಕಲ್ಲಿನವ. ಗಂಟು ನಂದ. ನಿಮ್ಮ ಮಾಲು ಸುಖದಿಂದ ಮುಟ್ಟಲಿ ಅಂತ ಕಟ್ಟಿದ್ದೆ. ಅದನ್ನ ನೋಡಿ ನೀವ ಅಂಜತೀರಿ ಅಂತ ಗೊತ್ತಿರಲಿಲ್ಲ. ಮನಸ್ಸಿಗೆ ಹಚಗೋಬ್ಯಾಡ್ರಿ."

ದೃಷ್ಟಿ ಎಂಬ ಒಂದು ಪದಕ್ಕೆ ನಾನು ಬಹಳ ಹೊತ್ತು ತಿಣುಕಿದೆ. ಕೊನೆಗೆ, ಹೊಟ್ಟೆಕಿಚ್ಚಿನ ಕಣ್ಣಿನಿಂದ ಕಾಯುವ ಕಟ್ಟು ಎಂದು ವಿವರಿಸಿ ಬರೆದೆ. ಕಾಕಾ ಕೆಳಗೆ ತನ್ನ ಸಹಿ ಹಾಕಿದ. ಸಾಹುಕಾರರೂ ಬೇರೆ ದಾರಿ ಕಾಣದೆ ಅದನ್ನೇ ಕಳಿಸಿದರು.

ಉತ್ತರ ಬರುವವರೆಗೆ ಕಾಕಾ ದಿನಾ ಬುತ್ತಿ ಕಟ್ಟಿಕೊಂಡು ಬಂದು ಗೇಟಿನ ಹೊರಗೆ ಬೇವಿನ ಗಿಡದ ಬುಡದಲ್ಲಿ ಕೂರುತ್ತಿದ್ದ. ಪೆಟ್ಟಿಗೆಗಳಿಲ್ಲದೆ ಕಲ್ಲು ಶೆಡ್ಡಿನಲ್ಲೇ ನಿಂತಿತು. ಅವನಿಗೆ ತನ್ನ ಕೆಲಸ ಹೋಗುವ ಚಿಂತೆಗಿಂತ, ತನ್ನಿಂದಾಗಿ ಕಾರ್ಖಾನೆ ಮುಚ್ಚೀತೆಂಬ ಚಿಂತೆ ಹೆಚ್ಚಾಗಿತ್ತು. ಮಧ್ಯಾಹ್ನ ನಾನು ರೊಟ್ಟಿ ತೆಗೆದುಕೊಂಡು ಅವನ ಬಳಿ ಹೋದರೆ, "ಬಂತೇನ ತಂಗಿ?" ಎನ್ನುವುದಷ್ಟೇ ಮಾತು.

ಎರಡು ವಾರದ ಮೇಲೆ ಬಂತು. ಗಂಟನ್ನು ಪರೀಕ್ಷೆ ಮಾಡಿದ್ದೇವೆ, ಬಡಿಗ ಹೇಳಿದ್ದು ಸರಿಯಾಗಿದೆ, ಮಾಲು ಬಿಟ್ಟಿದ್ದೇವೆ. ಇನ್ನು ಮುಂದೆ ಪೆಟ್ಟಿಗೆಯಲ್ಲಿ ಕಾಯಿ, ಹಣ್ಣು ಯಾವುದೂ ಕೂಡದು. ಹಾಗೆಯೇ ಪೆಟ್ಟಿಗೆಯ ಕಟ್ಟಿಗೆಯನ್ನು ಒಳಗಿನ ಹುಳ ಸಾಯುವಂತೆ ಭಟ್ಟಿಯಲ್ಲಿ ಕಾಯಿಸಿ, ಮುದ್ರೆ ಒತ್ತಿ ಕಳಿಸಬೇಕೆಂಬ ಹೊಸ ನಿಯಮ ಬರಲಿದೆ, ಈಗಿನಿಂದಲೇ ತಯಾರಾಗಿ.

ಸಾಹುಕಾರರು ತಾವೇ ಗೇಟಿನವರೆಗೆ ಹೋಗಿ ಅವನನ್ನು ಕರೆತಂದರು. ನಿಂಬಿಕಾಯಿಯ ಮಾತಿಗೆ ಅವನು ತಲೆಯಾಡಿಸಿದ. ಭಟ್ಟಿಯ ಮಾತಿಗೆ ಮುಖ ಸಣ್ಣದಾಯಿತು.

"ನನ್ನ ಕಿವಿ ಮ್ಯಾಲ ನಂಬಿಗಿ ಇಲ್ಲೇನ ಅವರಿಗೆ?"

ಫ್ಯಾಕ್ಸಿನ ಜೊತೆಗಿದ್ದ ಟಿಪ್ಪಣಿಯನ್ನು ಅವನಿಗೆ ಬಿಡಿಸಿ ಹೇಳಿದೆ. ಪೆಟ್ಟಿಗೆಯ ಕಟ್ಟಿಗೆಯಲ್ಲಿ ಅವಿತು ಒಂದು ದೇಶದ ಹುಳ ಇನ್ನೊಂದು ದೇಶಕ್ಕೆ ಹೋಗುತ್ತದೆ. ಅದನ್ನು ತಿನ್ನುವ ಹಕ್ಕಿ ಅಲ್ಲಿರುವುದಿಲ್ಲ. ಅದು ಗಿಡದಿಂದ ಗಿಡಕ್ಕೆ ಹಬ್ಬುತ್ತದೆ. ಎಷ್ಟೋ ಕಡೆ ಬೀದಿಯುದ್ದಕ್ಕೂ ನೆರಳು ಕೊಡುತ್ತಿದ್ದ ಮರಗಳನ್ನೇ ಕಡಿದು ಸುಡಬೇಕಾಯಿತಂತೆ.

"ಸಾಲಗಿಡ ಪೂರಾ?"

"ಹೂಂ ಕಾಕಾ."

ಅವನು ತನ್ನ ಹೆಸರಿಗೆ ತಕ್ಕಂತೆ ಇದ್ದುದನ್ನು ನಾನು ಕಂಡದ್ದು ಅದೊಂದೇ ಸಲ. ಬಹಳ ಹೊತ್ತಿನ ಮೇಲೆ, "ಹಾಂಗಾರ ಅವರು ಅಂಜೋದು ಖರೆ ಐತಿ. ಎಲ್ಲಾ ಹುಳ ಸಪ್ಪಳ ಮಾಡಂಗಿಲ್ಲ. ಸಣ್ಣ ತತ್ತಿ ಇದ್ರ ನನಗೂ ಕೇಳಸಂಗಿಲ್ಲ. ನಮ್ಮ ಹುಳ ಹೋಗಿ ಅವರ ಗಿಡ ತಿಂದ್ರ ಪಾಪ ಯಾರಿಗೆ ಹತ್ತತೈತಿ? ನನಗ," ಎಂದ.

ಭದ್ರತೆಯ ಬಗ್ಗೆ ನಾನು ಪರೀಕ್ಷೆಯಲ್ಲಿ ಬರೆದ ಹತ್ತು ಪುಟಗಳಲ್ಲಿ ಇಂಥ ಒಂದು ಸಾಲೂ ಇರಲಿಲ್ಲ. ತನ್ನನ್ನು ಕಾಯುವುದಷ್ಟೇ ಅಲ್ಲ, ಕಾಣದ ಊರಿಗೆ ತನ್ನಿಂದ ಕೇಡಾಗದಂತೆ ನೋಡಿಕೊಳ್ಳುವುದೂ ಅದರಲ್ಲಿ ಸೇರಿದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಭಟ್ಟಿ ಬಂದಾಗ ಅದನ್ನು ನಡೆಸುವುದನ್ನು ಮೊದಲು ಕಲಿತವನು ಅವನೇ. ಹಲಗೆಯ ಹೊಟ್ಟೆಗೆ ಶಾಖ ಅಳೆಯುವ ತಂತಿ ತೂರಿಸಿ, "ಹುಳಕ್ಕ ಜ್ವರಾ ಬರಸಾಕತ್ತೇನಿ," ಎಂದು ನಗುತ್ತಿದ್ದ. ಒಂದು ದಿನ ಪೆಟ್ಟಿಗೆಯ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದ ಪುಟ್ಟ ನಿಂಬಿಕಾಯಿಯನ್ನೂ ನಾಲ್ಕು ಮೆಣಸಿನಕಾಯಿಗಳನ್ನೂ ನೋಡಿ ಅವನ ಮುಖ ನೋಡಿದೆ. "ಬರೇ ಗೀರು. ಇದಕ್ಕ ಹುಳ ಹತ್ತಂಗಿಲ್ಲ. ಪಟ್ಟಿಯೊಳಗ ಬರೀಬ್ಯಾಡ ಮತ್ತ," ಎಂದ. ನಾನು ಬರೆಯಲಿಲ್ಲ.

ಮದುವೆಯಾಗಿ ನಾನು ಬಾಗಲಕೋಟೆಗೆ ಬಂದೆ. ವಿದ್ಯಾಗಿರಿಯಲ್ಲಿ ಮನೆ ಕಟ್ಟಿದಾಗ ತಲಬಾಗಿಲು ಮಾಡಲು ಮೌನಪ್ಪ ಕಾಕಾನನ್ನೇ ಕರೆಸಿದೆ. ನನ್ನ ಗಂಡ ಪೇಪರಿನಲ್ಲಿ ಕಳ್ಳತನದ ಸುದ್ದಿ ಓದಿ ಓದಿ ಮೂರು ಕೀಲಿ ಕೂಡಿಸಬೇಕೆಂದರು. ಕಾಕಾ ಕೂಡಿಸಿದ.

"ಆಜೂಬಾಜೂ ಯಾರ ಅದಾರ ತಂಗಿ?"

ತಗಡಿನ ಬಾಗಿಲು ನಿಲ್ಲಿಸಿಕೊಂಡು ಆ ಮನೆಯಲ್ಲಿ ಇರತೊಡಗಿ ಮೂರು ತಿಂಗಳಾಗಿತ್ತು. ನನಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ.

ಅವನು ಎದ್ದು ನಿಂತ. ಚೀಲದಲ್ಲಿ ಟೇಪು ಇಟ್ಟುಕೊಂಡೇ ಎಡಮನೆಗೆ ಟೇಪು ಕೇಳಲು ಹೋದ. ನಮ್ಮಲ್ಲಿ ಏಣಿಯಿದ್ದರೂ ಬಲಮನೆಗೆ ಏಣಿ ಕೇಳಲು ಹೋದ. ಎರಡೂ ಕಡೆ ನನ್ನನ್ನು ಕರೆದುಕೊಂಡೇ ಹೋಗಿ, "ಈಕಿ ನಮ್ಮ ಇಳಕಲ್ಲಿನ ಹುಡುಗಿ," ಎಂದು ಪರಿಚಯ ಹೇಳಿದ. ಸಂಜೆಯ ಹೊತ್ತಿಗೆ ಎಡಮನೆಯ ಶಾಂತಕ್ಕ ನಮ್ಮ ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದಳು. ಬಲಮನೆಯ ಹುಸೇನಸಾಬರು ಬಾಗಿಲಿನ ತೂಕ ನೋಡಿ ಹೊಗಳುತ್ತಿದ್ದರು. ಕಾಕಾ ಅವರಿಬ್ಬರನ್ನೂ ನೋಡಿ, ಕೈಯ ಹೊಟ್ಟು ಝಾಡಿಸಿ, "ಈಗ ಬಾಗಲಾ ಕುಂತಿತು ನೋಡು," ಎಂದ. ಇಳಕಲ್ ಬಸ್ಸಿಗೆ ಹೊರಟುಹೋದ.

ಅದೇ ಕೊನೆಯ ಭೇಟಿ. ಮರುವರ್ಷ ಒಂದು ಮುಂಜಾನೆ ಸಾಹುಕಾರರೇ ಫೋನು ಮಾಡಿ, ಮೌನಪ್ಪ ಹೋದ ಎಂದರು. ಕೇಳಿ ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಸೇನಸಾಬರು ನಮ್ಮನ್ನು ಬಸ್ ನಿಲ್ದಾಣಕ್ಕೆ ಬಿಡಲು ತಮ್ಮ ಜೀಪು ತೆಗೆದರು. ನನ್ನ ಗಂಡ ಮೂರೂ ಕೀಲಿ ಹಾಕಿ, ಎಳೆದು ನೋಡಿ, ಕೀಲಿಕೈಗಳ ಗೊಂಚಲನ್ನು ಜೇಬಿಗೆ ಹಾಕಿಕೊಂಡರು. ಎರಡು ಹೆಜ್ಜೆ ನಡೆದವರು ಹಿಂದಿರುಗಿ ಬಂದು, ಅದನ್ನು ತೆಗೆದು ಶಾಂತಕ್ಕನ ಕೈಗೆ ಕೊಟ್ಟರು.