ಸೊಟ್ಟ ಮರಗಳ ಗಾರ್ಡು

ಹೊಸಪೇಟೆ–ಸಂಡೂರು ನಡುವಿನ ಗುಡ್ಡಗಳಲ್ಲಿ ಜಂಗಲ್ ಗಾರ್ಡು ಜಡೆಪ್ಪ ಎಂದರೆ ಒಂದು ಕಾಲಕ್ಕೆ ಭಾರಿ ಹೆಸರು. ಆ ಜಡೆಪ್ಪ ನಾನೇ. ನನ್ನ ಬುದ್ಧಿಗೆ ಬೆಂಕಿ ಬೀಳ, ಆ ಹೆಸರು ಹೇಗೆ ಬಂತೆಂದು ಹೇಳಿಬಿಡುತ್ತೇನೆ.

ಆಗ ವರ್ಷಕ್ಕೊಂದು ಪಾಲು ಗುಡ್ಡವನ್ನು ಸೌದೆಗೆ ಕಡಿಸುತ್ತಿದ್ದರು. ಬೀಜ ಉದುರಿ ಮತ್ತೆ ಕಾಡು ಏಳಲೆಂದು ಎಕರೆಗೆ ಹದಿನೈದು ತಾಯಿಮರ ಉಳಿಸಬೇಕು. ಅವನ್ನು ಆರಿಸಿ ಸುಣ್ಣದ ಪಟ್ಟಿ ಬಳಿಯುವುದು ಗಾರ್ಡಿನ ಕೆಲಸ. ಆಮೇಲೆ ಒಂದು ಕಳುವಾದರೂ ರೇಂಜರ್ ಸಾಹೇಬರು ಮಾನ ಹರಾಜು ಹಾಕುತ್ತಿದ್ದರು. ನೆಟ್ಟನೆಯ ದಿಂಡಿಗ ಮರ ಬಿಟ್ಟರೆ ಕಳ್ಳರು ಸುಮ್ಮನಿರುತ್ತಾರೆಯೇ? ರಾತ್ರಿಯೆಲ್ಲ ಕಾಯಬೇಕು. ನನಗೋ ನಿದ್ದೆ ಎಂದರೆ ಪ್ರಾಣ. ಅದಕ್ಕೇ ಸೊಟ್ಟ ಮರ, ಗಂಟು ಮರ, ಪೊಟರೆ ಬಿದ್ದ ಮರಗಳನ್ನೇ ಹುಡುಕಿ ಹುಡುಕಿ ಸುಣ್ಣ ಬಳಿದೆ. ಯಾವ ಕಳ್ಳನೂ ಅವನ್ನು ಮೂಸಿ ನೋಡಲಿಲ್ಲ. ನಾನು ಗೊರಕೆ ಹೊಡೆದೆ. ಮೂವತ್ತು ವರ್ಷದಲ್ಲಿ ಒಂದು ತಾಯಿಮರವೂ ಹೋಗಲಿಲ್ಲವೆಂದು ಸಾಹೇಬರು ಬೆನ್ನು ತಟ್ಟಿದರು.

ಹೀಗೆ ಮಾಡಬೇಡಿರೆಂದವನು ಗುಡ್ಡದಡಿಯ ಓಬಳೇಶ ಒಬ್ಬನೇ. ನೇಗಿಲಿನಿಂದ ನೊಗಕ್ಕೆ ಹೋಗುವ ಉದ್ದನೆಯ ಈಸು ಕೆತ್ತಿ ಬದುಕುತ್ತಿದ್ದವನು. ಹಳ್ಳದ ದಂಡೆಯ ನೆಟ್ಟನೆಯ ದಿಂಡಿಗ ಒಂದನ್ನಾದರೂ ಬೀಜಕ್ಕೆ ಬಿಡಿರೆಂದು ಕೈಮುಗಿದಿದ್ದ. ನೀನೇ ಮೊದಲನೇ ಕಳ್ಳ ಎಂದು ಗದರಿಸಿ ಕಳಿಸಿದ್ದೆ.

ಪಿಂಚಣಿಯಾದ ಮೇಲೆ ಚಿತ್ತವಾಡ್ಗಿ ಹತ್ತಿರ ತುಂಡು ಗದ್ದೆ ಹಿಡಿದೆ. ನೇಗಿಲಿಗೆ ಈಸು ಬೇಕಾಯಿತು. ನಾಚಿಕೆ ಬಿಟ್ಟು ಓಬಳೇಶನ ಬಳಿಗೇ ಹೋದೆ. ಅವನ ಬಾಚಿ ತುಕ್ಕು ಹಿಡಿದು ಸೂರಿನಲ್ಲಿತ್ತು. ಮಕ್ಕಳು ಗಣಿಯಲ್ಲಿ ಅದಿರು ಹೊರಲು ಹೋಗಿದ್ದರು. ಆದರೂ ಜೊತೆಗೆ ಬಂದ. ಎರಡು ದಿನ ಅಲೆದೆವು. ನನ್ನ ತಾಯಿಮರಗಳ ಸಂತಾನವೆಲ್ಲ, ನಡು ಹಿಡಿದ ಮುದುಕರ ಹಾಗೆ, ಗುಡ್ಡದ ತುಂಬ ಬಾಗಿ ನಿಂತಿತ್ತು.

“ನೀವು ಕಾದ ಗಿಡ ಒಂದೂ ಹೋಗಿಲ್ಲ ನೋಡ್ರಿ, ಜಡೆಪ್ಪಾರ,” ಎಂದ ಓಬಳೇಶ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರನೆಯ ದಿನ ಬಂಡೆಗಳ ಸಂದಿಯಲ್ಲಿ ನೆಟ್ಟನೆಯ ದಿಂಡಿಗವೊಂದು ಸಿಕ್ಕಿತು. ಈಸಿಗೆ ಹೇಳಿಮಾಡಿಸಿದ ಹಾಗಿತ್ತು. ಆ ವರ್ಷ ಕಡಿಯುವ ಪಾಲೂ ಅದೇ. ಹೊಸ ಗಾರ್ಡು ಗಾದಿಲಿಂಗಪ್ಪ ಅಲ್ಲೇ ಸುಣ್ಣದ ಗಡಿಗೆ ಹಿಡಿದು ಸೊಟ್ಟ ಮರಗಳಿಗೆ ಬಳಿಯುತ್ತಿದ್ದ. ಯಾಕಪ್ಪಾ ಹೀಗೆ ಎಂದೆ.

“ನೆಟ್ಟಗಿದ್ದದ್ದು ಬಿಟ್ರ ಕಳ್ರು ಬಿಡ್ತಾರೇನ್ರಿ? ಜಡೆಪ್ಪ ಅಂತ ಒಬ್ರು ಗಾರ್ಡು ಇದ್ರಂತ, ಅವರ ಪದ್ಧತಿ. ಈಗ ಸುತ್ತಲ ಗುಡ್ಡದಾಗೆಲ್ಲ ಹಿಂಗ ಮಾಡ್ತೀವ್ರಿ.”

ಅಯ್ಯೋ, ನನ್ನೊಬ್ಬನ ನಿದ್ದೆಗೆ ಇಷ್ಟು ಗುಡ್ಡ ಹಾಳಾದವೇ! ಆ ಜಡೆಪ್ಪ ನಾನೇ ಎಂದು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಹೆಸರು ಕೇಳಿದ್ದೇ ಅವನು ಕಾಲಿಗೆ ಬಿದ್ದ. ನಿಮ್ಮ ಕೈಯಿಂದ ಒಂದು ಮರಕ್ಕೆ ಬಳಿಯಿರೆಂದು ಗಡಿಗೆ ಕೊಟ್ಟ.

ಓಬಳೇಶ ನನ್ನ ಕೈಯನ್ನೇ ನೋಡುತ್ತಿದ್ದ. ಸುಣ್ಣ ಬಳಿಯದೆ ಬಿಟ್ಟರೆ ಆ ದಿಂಡಿಗ ಕಡಿತಕ್ಕೆ ಬಿದ್ದು ನನ್ನ ಈಸಾಗುತ್ತಿತ್ತು. ಹೋಗಿ ಅದಕ್ಕೇ ಸುಣ್ಣ ಬಳಿದೆ.

“ಇದನ್ನ ಯಾರು ಕಾಯ್ಬೇಕ್ರಿ?” ಎಂದ ಗಾದಿಲಿಂಗಪ್ಪ, ಮುಖ ಸಣ್ಣದು ಮಾಡಿಕೊಂಡು.

ಆ ವರ್ಷ ಗದ್ದೆಯನ್ನು ಗುದ್ದಲಿಯಲ್ಲೇ ಅಗೆದೆ. ಹೆಂಡತಿ ಸಂಗಮ್ಮ ಇನ್ನೂ ಬೈಯುತ್ತಾಳೆ. ಬಂಡೆಯ ಹತ್ತಿರ ಈಗ ಹಗಲು ಓಬಳೇಶ ಕೂರುತ್ತಾನೆ, ರಾತ್ರಿ ನಾನು. ಮೂವತ್ತು ವರ್ಷ ಸಂಬಳ ತಿಂದು ಮಾಡದ ಕೆಲಸವನ್ನು ಬಿಟ್ಟಿ ಮಾಡುತ್ತಿದ್ದೇನೆ. ಹಾಳು ನಿದ್ದೆ ಈಗಲೂ ಬರುತ್ತದೆ. ಬಂದಾಗ ಎದ್ದು ನಿಂತು ಮರ ತಬ್ಬಿಕೊಳ್ಳುತ್ತೇನೆ.